ಪರದೆ ಬರೆದವರು ಯಾರು?

ಮಕ್ಕಳೇ, ಪೋಷಕರೇ, ಈ ತಿಂಗಳ ಚರಿತ್ರೆಯ ಪುಟವನ್ನು ಒಂದು ಲೆಕ್ಕದಿಂದ ಶುರು ಮಾಡೋಣ.

ಹೆಚ್ಚುಕಡಿಮೆ ಎ3 ಹಾಳೆಯಷ್ಟು ದೊಡ್ಡ ಒಂದು ಚಿತ್ರವಿದೆ ಎಂದುಕೊಳ್ಳಿ. ಎತ್ತರ 32.5 ಸೆಂಟಿಮೀಟರ್, ಅಗಲ ಸುಮಾರು 41 ಸೆಂಟಿಮೀಟರ್. ಅದನ್ನು 10.4 ಮೀಟರ್ ಎತ್ತರ, 11.7 ಮೀಟರ್ ಅಗಲದ ಬಟ್ಟೆಯ ಮೇಲೆ ಬರೆಯಬೇಕು. ಎರಡು ಡಬಲ್ ಡೆಕ್ಕರ್ ಬಸ್ಸುಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಈ ಬಟ್ಟೆಯ ಎತ್ತರಕ್ಕೆ ಸಾಲದು. ಉದ್ದದಲ್ಲಿ ನೋಡಿದರೆ ಚಿತ್ರ ಸುಮಾರು 30 ಪಟ್ಟು ಬೆಳೆಯಬೇಕು. ಬಣ್ಣ ತುಂಬಬೇಕಾದ ಜಾಗ ಎಷ್ಟು ಪಟ್ಟು ಬೆಳೆಯುತ್ತದೆ? 30ನ್ನು 30ರಿಂದ ಗುಣಿಸಿ. ಸುಮಾರು 900 ಪಟ್ಟು! ಮೂಲ ಚಿತ್ರದಲ್ಲಿ ಕೂದಲೆಳೆಯಷ್ಟು ಗೆರೆ ವಾಲಿದರೂ ಪರದೆಯ ಮೇಲೆ ಒಂದು ಕೈ ಸೊಟ್ಟಗೆ ಕಾಣುತ್ತದೆ.

ಈ ಕೆಲಸವನ್ನು ಒಬ್ಬರು 24 ಗಂಟೆಗಳೊಳಗೆ ಮಾಡಿ ಮುಗಿಸಿದರು. ಅವರು ಮಾಡಿದ ಪರದೆ ಲಂಡನ್ನಿನಲ್ಲೇ ಇದೆ. ಅದರ ಮೇಲೆ ಒಂದು ಹೆಸರೂ ಇದೆ. ಆದರೆ ಅದು ಅವರ ಹೆಸರಲ್ಲ.

ನೀಲಿ ರೈಲಿನ ಪರದೆ

1924ರ ಜೂನ್ 20. ಪ್ಯಾರಿಸ್ಸಿನ ಷಾಂಜೆಲಿಜೆ ಥಿಯೇಟರ್. ಸೆರ್ಗೇ ಡಿಯಾಗಿಲೆವ್ ಎಂಬ ರಷ್ಯನ್ ಕಟ್ಟಿದ 'ಬ್ಯಾಲೆ ರೂಸ್' ನೃತ್ಯ ಕಂಪನಿ ಒಂದು ಹೊಸ ಆಟ ಕಟ್ಟಿತ್ತು. ಅದರ ಹೆಸರು 'ನೀಲಿ ರೈಲು'. ಆ ಕಾಲದಲ್ಲಿ ಕ್ಯಾಲೆಯಿಂದ ದಕ್ಷಿಣ ಫ್ರಾನ್ಸಿನ ಕಡಲತೀರಕ್ಕೆ ಸಾಹುಕಾರರನ್ನು ಕರೆದೊಯ್ಯುತ್ತಿದ್ದ ರೈಲಿನ ಹೆಸರದು. ತಮಾಷೆಯೆಂದರೆ ಇಡೀ ಆಟದಲ್ಲಿ ರೈಲೇ ಬರುವುದಿಲ್ಲ! ರೈಲಿಳಿದು ಕಡಲತೀರಕ್ಕೆ ಬಂದವರ ಆಟ, ಈಜು, ಬಿಂಕ ಬಿನ್ನಾಣವೇ ಅದರ ಕಥೆ.

ಈ ಆಟಕ್ಕೆ ಕೆಲಸ ಮಾಡಿದವರೆಲ್ಲ ಹೆಸರಾಂತರು. ಕಥೆ ಕವಿ ಜಾನ್ ಕಾಕ್ಟೋ ಅವರದು, ಸಂಗೀತ ದಾರಿಯುಸ್ ಮಿಯೋ ಅವರದು, ನೃತ್ಯ ಸಂಯೋಜನೆ ಬ್ರೊನಿಸ್ಲಾವಾ ನಿಜಿನ್ಸ್ಕಾ ಅವರದು, ಉಡುಪು ಕೊಕೊ ಶನೆಲ್ ಅವರದು. ಮುಂಪರದೆಗೆ ಡಿಯಾಗಿಲೆವ್ ಆರಿಸಿಕೊಂಡದ್ದು ಪಾಬ್ಲೋ ಪಿಕಾಸೋ 1922ರಲ್ಲಿ ಬರೆದಿದ್ದ ಒಂದು ಸಣ್ಣ ಚಿತ್ರ. ನೀಲಿ ಆಕಾಶದ ಕೆಳಗೆ, ಕಡಲ ದಂಡೆಯ ಮೇಲೆ ಇಬ್ಬರು ದಪ್ಪ ಮೈಯ ಹೆಂಗಸರು ಕೈ ಹಿಡಿದುಕೊಂಡು, ಕೂದಲು ಬಿಚ್ಚಿ ಓಡುತ್ತಿದ್ದಾರೆ. ನಾವು ಮೊದಲು ಲೆಕ್ಕ ಹಾಕಿದ್ದು ಇದೇ ಚಿತ್ರವನ್ನು.

ಈ ಚಿತ್ರವನ್ನು ಪರದೆಗೆ ಏರಿಸಿದವರು ಅಲೆಕ್ಸಾಂಡರ್ ಶೆರ್ವಶಿಡ್ಜೆ. ಕಪ್ಪು ಸಮುದ್ರದ ದಂಡೆಯ ಅಬ್ಖಾಜಿಯಾದ ರಾಜಮನೆತನಕ್ಕೆ ಸೇರಿದವರು. ಹುಟ್ಟಿದ್ದು 1867ರಲ್ಲಿ. ರಷ್ಯಾದ ಚಕ್ರವರ್ತಿಯ ನಾಟಕಶಾಲೆಗಳಿಗೆ ರಂಗಸಜ್ಜಿಕೆ ಮಾಡಿ ಪಳಗಿದ ಕೈ. ಕ್ರಾಂತಿಯ ನಂತರ ದೇಶ ಬಿಟ್ಟು ಬಂದು, ಡಿಯಾಗಿಲೆವ್ ಅವರ ಕಂಪನಿಗೆ ಪರದೆ ಬರೆಯುತ್ತಿದ್ದರು.

ಮುಗಿದ ಪರದೆಯನ್ನು ಪಿಕಾಸೋ ನೋಡಿದರು. ತನ್ನ ಪುಟ್ಟ ಚಿತ್ರ ಅಷ್ಟು ದೊಡ್ಡದಾಗಿಯೂ ಅದರ ಜೀವ ಒಂದಿಷ್ಟೂ ಕುಂದಿರಲಿಲ್ಲ. ಎಷ್ಟು ಮೆಚ್ಚಿದರೆಂದರೆ, ಪರದೆಯ ಮೇಲೇ 'ಡಿಯಾಗಿಲೆವ್‌ಗೆ ಅರ್ಪಣೆ' ಎಂದು ಬರೆದು ತಮ್ಮ ಸಹಿ ಹಾಕಿಬಿಟ್ಟರು. ಡಿಯಾಗಿಲೆವ್ ಕೂಡ ಅದನ್ನು ಒಂದೇ ಆಟಕ್ಕೆ ಮೀಸಲಿಡದೆ ಕಂಪನಿಯ ಮುಂಪರದೆಯಾಗಿಯೇ ಬಳಸಿದರು.

1929ರಲ್ಲಿ ಡಿಯಾಗಿಲೆವ್ ತೀರಿಕೊಂಡರು, ಕಂಪನಿ ಚದುರಿಹೋಯಿತು. 1968ರಲ್ಲಿ ಲಂಡನ್ನಿನಲ್ಲಿ ಈ ಪರದೆ ಹರಾಜಿಗೆ ಬಂದಾಗ ಇಲ್ಲಿನ ರಂಗಭೂಮಿ ಸಂಗ್ರಹಾಲಯಕ್ಕಾಗಿ ಅದನ್ನು ಕೊಂಡರು. ಅದೇ ವರ್ಷ ಶೆರ್ವಶಿಡ್ಜೆ ನೂರು ವರ್ಷ ತುಂಬಿದ ವಯಸ್ಸಿನಲ್ಲಿ ಮಾಂಟೆ ಕಾರ್ಲೋದಲ್ಲಿ ಕಣ್ಣು ಮುಚ್ಚಿದರು. ಈಗ ಪರದೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನದು. 2025ರ ಮೇ ತಿಂಗಳಲ್ಲಿ ಪೂರ್ವ ಲಂಡನ್ನಿನ ಒಲಿಂಪಿಕ್ ಪಾರ್ಕಿನಲ್ಲಿ ತೆರೆದ ಅವರ 'ಈಸ್ಟ್ ಸ್ಟೋರ್‌ಹೌಸ್'ನಲ್ಲಿ ಅದನ್ನು ತೂಗುಹಾಕಿದ್ದಾರೆ. ಪ್ರವೇಶಕ್ಕೆ ದುಡ್ಡು ಕೊಡಬೇಕಿಲ್ಲ.

ಪಿಕಾಸೋ ಮೋಸ ಮಾಡಿದರೇ? ಇಲ್ಲ. ಚಿತ್ರ ಅವರ ಕಲ್ಪನೆಯದು, ಸಹಿ ಅವರ ಮೆಚ್ಚುಗೆಯ ಗುರುತು. ಚಿತ್ರ ಕಲ್ಪಿಸುವವರು ಒಬ್ಬರು, ಪರದೆ ಬರೆಯುವವರು ಇನ್ನೊಬ್ಬರು ಎಂಬುದು ನಾಟಕದ ಮನೆಯ ರೂಢಿ. ಆದರೂ ಒಂದು ಮಾತು ನೆನಪಿಡಿ. ಆ ಪರದೆಯನ್ನು ಜೋಪಾನ ಮಾಡಿದ್ದಕ್ಕೆ ದೊಡ್ಡ ಕಾರಣ ಅದರ ಮೇಲಿದ್ದ ಸಹಿ. ಸಹಿ ಇಲ್ಲದ ಸಾವಿರಾರು ಪರದೆಗಳು ಏನಾದವು? ಅದನ್ನೂ ನೋಡೋಣ. ಅದಕ್ಕೂ ಮೊದಲು ಪರದೆ ಬರೆಯುವ ಕೆಲಸ ಹೇಗಿರುತ್ತದೆಂದು ತಿಳಿಯೋಣ.

ಬಟ್ಟೆಯ ಮೇಲೆ ನಡೆದಾಡುತ್ತಾ

ಇಷ್ಟು ದೊಡ್ಡ ಬಟ್ಟೆಯನ್ನು ಗೋಡೆಗೆ ಆನಿಸಿ ಬರೆಯುವುದೇ? ಯುರೋಪಿನಲ್ಲಿ ಎರಡು ಪದ್ಧತಿಗಳಿದ್ದವು. ಫ್ರಾನ್ಸ್, ಇಟಲಿ, ರಷ್ಯಾಗಳಲ್ಲಿ ಬಟ್ಟೆಯನ್ನು ನೆಲದ ಮೇಲೆ ಹಾಸಿ ಸುತ್ತಲೂ ಮೊಳೆ ಹೊಡೆದು ಬಿಗಿಯುತ್ತಿದ್ದರು. ಕಲಾವಿದರು ಪೊರಕೆಯಷ್ಟು ಉದ್ದ ಹಿಡಿಯ ಬ್ರಷ್ ಹಿಡಿದು ಅದರ ಮೇಲೇ ನಡೆದಾಡುತ್ತಾ ಬರೆಯುತ್ತಿದ್ದರು. ಇಂಗ್ಲೆಂಡಿನಲ್ಲಿ ಬಟ್ಟೆಯನ್ನು ದೊಡ್ಡ ಮರದ ಚೌಕಟ್ಟಿಗೆ ಬಿಗಿದು ನಿಲ್ಲಿಸುತ್ತಿದ್ದರು. ಚೌಕಟ್ಟು ಮೇಲೆ ಕೆಳಗೆ ಸರಿಯುತ್ತಿತ್ತು, ಕಲಾವಿದರು ನಿಂತಲ್ಲೇ ನಿಂತು ಬರೆಯುತ್ತಿದ್ದರು.

1919ರಲ್ಲಿ ಪಿಕಾಸೋ ಲಂಡನ್ನಿಗೇ ಬಂದು ಕೋವೆಂಟ್ ಗಾರ್ಡನ್ ಬಳಿಯ ಚಿತ್ರಶಾಲೆಯೊಂದರಲ್ಲಿ ಕೆಲಸ ಮಾಡಿದ್ದರು. 'ಮೂರು ಮೂಲೆಯ ಟೋಪಿ' ಎಂಬ ಬ್ಯಾಲೆಗೆ ಪರದೆ ಬೇಕಾಗಿತ್ತು. ಅಲ್ಲಿ ಅವರ ಜೊತೆ ಬರೆದವರು ವ್ಲಾದಿಮಿರ್ ಪೊಲುನಿನ್ ಮತ್ತು ಅವರ ಹೆಂಡತಿ ಎಲಿಜಬೆತ್. ಪೊಲುನಿನ್ ಮುಂದೆ ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಈ ವಿದ್ಯೆಯನ್ನು ಕಲಿಸಿದರು. ನೆಲದ ಮೇಲೆ ಹಾಸಿ ಬರೆಯುವ ಪದ್ಧತಿಯ ಬಗ್ಗೆ 1927ರಲ್ಲಿ ಒಂದು ಪುಸ್ತಕವನ್ನೂ ಬರೆದರು.

ಕೆಲಸದ ಹಂತಗಳು ಹೀಗೆ.

ಮೊದಲು ಬಟ್ಟೆಗೆ ಅಂಟು ಮತ್ತು ಸೀಮೆಸುಣ್ಣದ ಪುಡಿ ಕಲಸಿ ಬಳಿಯುತ್ತಾರೆ. ಇಲ್ಲದಿದ್ದರೆ ಬಟ್ಟೆ ಬಣ್ಣವನ್ನೆಲ್ಲ ಹೀರಿಕೊಂಡುಬಿಡುತ್ತದೆ.

ಆಮೇಲೆ ಮನೆಗಳು. ಮೂಲ ಚಿತ್ರದ ಮೇಲೆ ಚದುರಂಗದ ಹಾಸಿನಂತೆ ಸಣ್ಣ ಸಣ್ಣ ಚೌಕದ ಮನೆಗಳನ್ನು ಎಳೆಯುತ್ತಾರೆ. ಬಟ್ಟೆಯ ಮೇಲೂ ಅಷ್ಟೇ ಸಂಖ್ಯೆಯ ದೊಡ್ಡ ಮನೆಗಳು. ಅಷ್ಟುದ್ದದ ಗೆರೆಗೆ ಸ್ಕೇಲು ಎಲ್ಲಿಂದ ಬರಬೇಕು? ಬಣ್ಣದ ಪುಡಿ ಮೆತ್ತಿದ ದಾರವನ್ನು ಇಬ್ಬರು ಎರಡು ತುದಿಯಲ್ಲಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ 'ಟಪ್' ಎಂದು ನೇರ ಗೆರೆ ಬೀಳುತ್ತದೆ. ಊರಿನಲ್ಲಿ ಮರಗೆಲಸದವರು ಹಲಗೆಯ ಮೇಲೆ ದಾರ ಹೊಡೆಯುವುದನ್ನು ನಿಮ್ಮ ಅಜ್ಜ ಅಜ್ಜಿ ಖಂಡಿತ ನೋಡಿರುತ್ತಾರೆ. ಇನ್ನು ಸಣ್ಣ ಮನೆಯಲ್ಲಿ ಇರುವುದನ್ನು ದೊಡ್ಡ ಮನೆಯಲ್ಲಿ ಇದ್ದಿಲಿನಿಂದ ಬರೆಯುತ್ತಾ ಹೋದರಾಯಿತು.

ಮೂರನೆಯದು ಬಣ್ಣ. ಬಣ್ಣದ ಪುಡಿಯನ್ನು ಬಿಸಿ ಅಂಟುನೀರಿನಲ್ಲಿ ಕಲಸುತ್ತಿದ್ದರು. ಈ ಬಣ್ಣ ಹಸಿಯಿದ್ದಾಗ ಗಾಢ, ಒಣಗಿದಾಗ ತಿಳಿ. ಅಂದರೆ ಬಳಿಯುವಾಗ ಕಣ್ಣಿಗೆ ಕಾಣುವುದು ಒಂದು, ನಾಳೆ ಪ್ರೇಕ್ಷಕರು ನೋಡುವುದು ಇನ್ನೊಂದು. ಹಗಲಿನಲ್ಲಿ ಬರೆದದ್ದು ರಾತ್ರಿ ದೀಪದ ಬೆಳಕಿನಲ್ಲಿ ಮತ್ತೆ ಬೇರೆಯೇ ಕಾಣುತ್ತದೆ. ಹಳದಿ ಬೆಳಕಿನ ದೀಪದ ಎದುರು ಹಳದಿ ಪೇಲವವಾಗುತ್ತದೆ, ನೀಲಿ ಮಂಕಾಗುತ್ತದೆ. ಪರದೆ ಬರೆಯುವವರು ಇದನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿ ಬಣ್ಣ ಕಲಸಬೇಕು.

ಕೊನೆಯದು ದೂರ. ಬ್ರಷ್ ಇರುವುದು ಪರದೆಯ ಹತ್ತಿರ, ನೋಡುವವರು ಕೂರುವುದು ದೂರ. ಹತ್ತಿರದಿಂದ ನೋಡಿದರೆ ಬರೀ ದಪ್ಪ ಗೀಟುಗಳು, ಮಚ್ಚೆಗಳು. ದೂರ ಹೋದರೆ ಅದೇ ಎಲೆ, ಕಲ್ಲು, ಕಂಬ. 'ದೂರದ ಬೆಟ್ಟ ನುಣ್ಣಗೆ' ಎಂಬ ಗಾದೆಯನ್ನು ಹೊಟ್ಟೆಪಾಡು ಮಾಡಿಕೊಂಡವರು ಇವರು! ಆಗಾಗ ಏಣಿ ಹತ್ತಿ ಮೇಲಿನಿಂದ ನೋಡಿ, ಮತ್ತೆ ಇಳಿದು ಬರೆಯುತ್ತಿದ್ದರು.

ಇಷ್ಟನ್ನೂ ಒಂದು ಹಗಲು ಒಂದು ರಾತ್ರಿಯಲ್ಲಿ ಮಾಡಿದರೆಂದರೆ ಶೆರ್ವಶಿಡ್ಜೆ ಅವರ ಕೈಯ ಹಿಡಿತ ಎಂಥದಿರಬೇಕು, ಯೋಚಿಸಿ.

ಡರ್ಬಿಶೈರ್ ಬೆಟ್ಟಗಳು ರಂಗಕ್ಕೆ ಬಂದವು

ಪರದೆ ಬರೆಯುವವರಿಗೆ ಹೆಸರು, ದುಡ್ಡು ಎರಡೂ ಸಿಕ್ಕ ಉದಾಹರಣೆಯೂ ಇದೆ. 18ನೇ ಶತಮಾನದ ಲಂಡನ್ನಿನಲ್ಲಿ ಡ್ರೂರಿ ಲೇನ್ ನಾಟಕಶಾಲೆಯನ್ನು ನಡೆಸುತ್ತಿದ್ದವರು ಹೆಸರಾಂತ ನಟ ಡೇವಿಡ್ ಗ್ಯಾರಿಕ್. ಅಲ್ಲಿಯವರೆಗೆ ನಾಟಕಶಾಲೆಯ ಉಗ್ರಾಣದಲ್ಲಿ ಒಂದು ಅರಮನೆ, ಒಂದು ಕಾಡು, ಒಂದು ಬೀದಿ ಇದ್ದರೆ ಸಾಕಿತ್ತು. ಯಾವ ನಾಟಕ ಬಂದರೂ ಅವೇ ಪರದೆಗಳು. ಗ್ಯಾರಿಕ್ 1770ರ ದಶಕದ ಆರಂಭದಲ್ಲಿ ಫಿಲಿಪ್ ಜೇಮ್ಸ್ ಡಿ ಲೂಥರ್‌ಬರ್ಗ್ ಎಂಬ ಚಿತ್ರಕಾರರನ್ನು ಕರೆಸಿದರು. ವರ್ಷಕ್ಕೆ 500 ಪೌಂಡ್ ಸಂಬಳ. ಆ ಕಾಲಕ್ಕೆ ಬಹಳ ದೊಡ್ಡ ಮೊತ್ತ.

ಲೂಥರ್‌ಬರ್ಗ್ 1778ರಲ್ಲಿ ಡರ್ಬಿಶೈರ್‌ಗೆ ಹೋಗಿ ಬೆಟ್ಟ, ಗುಹೆ, ಹೊಳೆಗಳನ್ನು ಕಣ್ಣಾರೆ ನೋಡಿ ಚಿತ್ರಿಸಿಕೊಂಡು ಬಂದರು. 1779ರ 'ಡರ್ಬಿಶೈರ್‌ನ ಅದ್ಭುತಗಳು' ಎಂಬ ಆಟದಲ್ಲಿ ಲಂಡನ್ನಿನ ಜನ ಕೂತಲ್ಲೇ ಆ ಬೆಟ್ಟಗಳನ್ನು ನೋಡಿದರು. ದೀಪಗಳ ಮುಂದೆ ಬಣ್ಣದ ರೇಷ್ಮೆ ಬಟ್ಟೆ ತಿರುಗಿಸಿ ಹಸಿರು ಮರಗಳನ್ನು ಕೆಂಪಾಗಿಸಿದರು, ಬೆಳದಿಂಗಳು ತಂದರು. 1781ರಲ್ಲಿ ಲೆಸ್ಟರ್ ಸ್ಕ್ವೇರ್ ಬಳಿಯ ತಮ್ಮ ಮನೆಯಲ್ಲೇ ನಟರಿಲ್ಲದ ಪುಟ್ಟ ರಂಗವೊಂದನ್ನು ಕಟ್ಟಿದರು. ಅಲ್ಲಿ ಸೂರ್ಯೋದಯ, ಬಿರುಗಾಳಿ, ಹಡಗು ಮುಳುಗುವುದು, ಇವೇ ಪಾತ್ರಗಳು. ತಾಮ್ರದ ತಗಡನ್ನು ಅಲುಗಾಡಿಸಿದರೆ ಗುಡುಗು! ಈಗ ನೀವು ಪೀಕ್ ಡಿಸ್ಟ್ರಿಕ್ಟ್‌ಗೆ ಪ್ರವಾಸ ಹೋದಾಗ, ಇಲ್ಲಿನ ಚೆಲುವನ್ನು ಲಂಡನ್ನಿಗೆ ಮೊದಮೊದಲು ಹೊತ್ತು ತಂದವರಲ್ಲಿ ಒಬ್ಬರು ಪರದೆ ಬರೆಯುವವರು ಎಂದು ನೆನೆಸಿಕೊಳ್ಳಿ.

ನಮ್ಮ ಊರಿಗೆ ಪರದೆ ಬಂದ ಬಗೆ

ನಮ್ಮ ಯಕ್ಷಗಾನ, ದೊಡ್ಡಾಟಗಳಲ್ಲಿ ಚಿತ್ರ ಬರೆದ ಪರದೆ ಇರಲಿಲ್ಲ. ಇಬ್ಬರು ಹಿಡಿದು ನಿಲ್ಲುವ ಒಂದು ತೆರೆ, ಅಷ್ಟೇ. ಕಾಡನ್ನು, ಕಡಲನ್ನು ಭಾಗವತರ ಹಾಡು, ಪಾತ್ರಧಾರಿಯ ಮಾತು ಮತ್ತು ಕುಣಿತವೇ ಕಟ್ಟುತ್ತಿದ್ದವು. ನೋಡುವವರ ಮನಸ್ಸೇ ಪರದೆಯಾಗಿತ್ತು.

19ನೇ ಶತಮಾನದಲ್ಲಿ ಮುಂಬಯಿಯಲ್ಲಿ ಇಂಗ್ಲಿಷ್ ಮಾದರಿಯ ನಾಟಕಶಾಲೆಗಳು ಎದ್ದವು. 1846ರಲ್ಲಿ ಗ್ರಾಂಟ್ ರೋಡಿನ ನಾಟಕಶಾಲೆ ತೆರೆಯಿತು. 1853ರಲ್ಲಿ ಪಾರ್ಸಿಗಳು ನಾಟಕ ಆಡತೊಡಗಿದರು. ಬರಬರುತ್ತಾ ಪಾರ್ಸಿ ಕಂಪನಿಗಳ ಬಣ್ಣದ ಪರದೆಗಳು, ರಂಗದ ಮೇಲಿನ ಚಮತ್ಕಾರಗಳು ಭಾರತದ ಉದ್ದಗಲಕ್ಕೂ ಮನೆಮಾತಾದವು. 1880ರಲ್ಲಿ ಪುಣೆಯಲ್ಲಿ ಮರಾಠಿಯ 'ಸಂಗೀತ ಶಾಕುಂತಲ' ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಇಂಥ ಕಂಪನಿಗಳು ಊರೂರು ತಿರುಗುತ್ತಾ ಕನ್ನಡ ನಾಡಿಗೂ ಬಂದವು. ಅವನ್ನು ನೋಡಿದ ನಮ್ಮವರು 'ನಾವೂ ಕನ್ನಡದಲ್ಲಿ ಆಡಬೇಕು' ಎಂದು ಹೊರಟರು. 1884ರಲ್ಲಿ ತುಮಕೂರಿನ ಪಕ್ಕದ ಗುಬ್ಬಿಯಲ್ಲಿ ಕಂಪನಿಯೊಂದು ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು ದೇಶವೇ ತಿರುಗಿ ನೋಡುವಂತೆ ಬೆಳೆಯಿತು. 1934ರ 'ಕುರುಕ್ಷೇತ್ರ' ನಾಟಕದಲ್ಲಿ ಜೀವಂತ ಆನೆ ಕುದುರೆಗಳೇ ರಂಗಕ್ಕೆ ಬಂದವು.

ಕಂಪನಿ ನಾಟಕದಲ್ಲಿ ಪರದೆಗೆ ದೊಡ್ಡ ಸ್ಥಾನ. ಎಲ್ಲಕ್ಕಿಂತ ಮುಂದೆ ಅಂಕದ ಪರದೆ. ಅದರ ಹಿಂದೆ ದರ್ಬಾರು, ಬೀದಿ, ಕಾಡು, ಉದ್ಯಾನ, ಸೆರೆಮನೆ. ಎರಡೂ ಪಕ್ಕಕ್ಕೆ ಕಂಬವನ್ನೋ ಮರವನ್ನೋ ಬರೆದ ಸೈಡ್ ವಿಂಗ್‌ಗಳು. ಎಲ್ಲಕ್ಕೂ ಸೇರಿ ಒಂದು ಹೆಸರು, 'ಸೀನರಿ'.

ಹಳೆಯ ನಾಟಕಗಳಲ್ಲಿ ಗಂಭೀರವಾದ ದೃಶ್ಯ ಮುಗಿದ ಕೂಡಲೇ ಬೀದಿಯಲ್ಲಿ ನಡೆಯುವ ಹಾಸ್ಯದ ದೃಶ್ಯ ಬರುವುದು ಏಕೆ ಗೊತ್ತೇ? ಬೀದಿಯ ಪರದೆ ರಂಗದ ಮುಂಭಾಗದಲ್ಲೇ ಇಳಿಯುತ್ತಿತ್ತು. ಅದರ ಮುಂದೆ ಹಾಸ್ಯಗಾರರು ಜನರನ್ನು ನಗಿಸುತ್ತಿದ್ದರೆ, ಹಿಂದೆ ಸದ್ದಿಲ್ಲದೆ ಸಿಂಹಾಸನ ಇಟ್ಟು ದರ್ಬಾರು ಸಿದ್ಧವಾಗುತ್ತಿತ್ತು. ಪರದೆ ಬರೀ ಚಿತ್ರವಲ್ಲ, ನಾಟಕ ಹೇಗೆ ಸಾಗಬೇಕೆಂದು ಹೇಳುವ ಯಜಮಾನ ಕೂಡ.

ಕಂಪನಿಯ ಆಸ್ತಿಯೆಂದರೆ ಪರದೆಗಳು, ಉಡುಪಿನ ಪೆಟ್ಟಿಗೆಗಳು, ಹಾರ್ಮೋನಿಯಂ. ಒಂದು ಊರಿನಲ್ಲಿ ಆಟ ಮುಗಿದರೆ ಪರದೆಗಳನ್ನು ಕೋಲಿಗೆ ಸುತ್ತಿ ಗಾಡಿಗೆ ಏರಿಸಿ ಮುಂದಿನ ಕ್ಯಾಂಪಿಗೆ ಹೊರಡುತ್ತಿದ್ದರು. ಕಂಪನಿ ಮುಳುಗಿದರೆ ಅವನ್ನು ಇನ್ನೊಂದು ಕಂಪನಿ ಕೊಳ್ಳುತ್ತಿತ್ತು.

ಕೆಲಸವೇ ಹೆಸರಾದ ಅಣ್ಣತಮ್ಮ

ನಮ್ಮ ಗಡಿಯ ಆಚೆಯ ಕೊಲ್ಹಾಪುರದಲ್ಲಿ ಆನಂದರಾವ್ ಮತ್ತು ಬಾಬುರಾವ್ ಎಂಬ ಇಬ್ಬರಿದ್ದರು. ಮನೆತನದ ಹೆಸರು ಮೇಸ್ತ್ರಿ. 1910ರಿಂದ 1916ರವರೆಗೆ ಅವರು ಪಶ್ಚಿಮ ಭಾರತದ ನಾಟಕ ಕಂಪನಿಗಳಿಗೆ ಪರದೆ ಬರೆದರು. ಎಷ್ಟು ಹೆಸರಾದರೆಂದರೆ ಜನ ಮನೆತನದ ಹೆಸರನ್ನೇ ಮರೆತು 'ಪೇಂಟರ್' ಎಂದೇ ಕರೆಯತೊಡಗಿದರು. ಇಬ್ಬರಿಗೂ ಸಿನಿಮಾ ಮಾಡುವ ಕನಸು. 1916ರಲ್ಲಿ ಆನಂದರಾವ್ ತೀರಿಕೊಂಡರು. ಬಾಬುರಾವ್ ಪೇಂಟರ್ ಎದೆಗುಂದದೆ ತಾವೇ ಕ್ಯಾಮೆರಾ ಕಟ್ಟಿ, ಮಹಾರಾಷ್ಟ್ರ ಫಿಲಂ ಕಂಪನಿ ತೆರೆದು, 1920ರಲ್ಲಿ 'ಸೈರಂಧ್ರಿ' ಎಂಬ ಮೂಕಿ ಚಿತ್ರ ತಂದರು. ಅವರ ಕೈಕೆಳಗೆ ಪಳಗಿದ ವಿ. ಶಾಂತಾರಾಂ ಮುಂದೆ ಭಾರತದ ದೊಡ್ಡ ನಿರ್ದೇಶಕರಾದರು. ಅದಕ್ಕೂ ಮೊದಲು ಈ ಹುಡುಗ ದುಡಿಯುತ್ತಿದ್ದದ್ದು ನಮ್ಮ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ! ಪರದೆ ಬರೆಯುವ ವಿದ್ಯೆ ನಮ್ಮ ಸಿನಿಮಾದ ಬೇರುಗಳಲ್ಲಿ ಒಂದು.

ಉಳಿಯದ ಪರದೆ, ಉಳಿಯದ ಹೆಸರು

ಬಾಬುರಾವ್ ಅವರ ಹೆಸರು ಉಳಿದದ್ದು ಸಿನಿಮಾದಿಂದ. ಪರದೆಗಷ್ಟೇ ಬದುಕು ಸವೆಸಿದ ಹೆಚ್ಚಿನವರ ಹೆಸರು ಉಳಿಯಲಿಲ್ಲ. ಕಂಪನಿಯ ಕರಪತ್ರಗಳಲ್ಲಿ ನಟರ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತಿತ್ತು, ಸೀನರಿಯ ವೈಭವದ ಬಣ್ಣನೆಯೂ ಇರುತ್ತಿತ್ತು. ಸೀನರಿ ಬರೆದವರ ಹೆಸರು ಅಪರೂಪ.

ಪರದೆಗಳೂ ಉಳಿಯಲಿಲ್ಲ. ಅಂಟುನೀರಿನ ಬಣ್ಣ ಮಳೆಹನಿ ತಾಗಿದರೆ ಕರಗುತ್ತದೆ. ಅಂಟಿನ ರುಚಿಗೆ ಇಲಿ, ಜಿರಲೆ ಬರುತ್ತವೆ. ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಬಣ್ಣ ಉದುರುತ್ತದೆ. ಹಳತಾದ ಪರದೆಯ ಮೇಲೆ ಬಿಳಿ ಬಳಿದು ಹೊಸ ಚಿತ್ರ ಬರೆಯುತ್ತಿದ್ದುದೂ ಉಂಟು. 1970ರ ದಶಕದಲ್ಲಿ ಬಿ.ವಿ. ಕಾರಂತರಂಥ ನಿರ್ದೇಶಕರು ಕನ್ನಡ ರಂಗಭೂಮಿಗೆ ಹೊಸ ದಾರಿ ತೆರೆದರು. ಕಾರಂತರೂ ಹುಡುಗರಾಗಿದ್ದಾಗ ಗುಬ್ಬಿ ಕಂಪನಿಯಲ್ಲಿ ಬೆಳೆದವರೇ. ಆದರೆ ಹೊಸ ನಾಟಕಕ್ಕೆ ಬರೆದ ಪರದೆ ಬೇಡವಾಯಿತು. ಬಯಲಾಟದ ಹಾಗೆ ಖಾಲಿ ರಂಗ, ನಟನ ಮೈ, ಹಾಡು ಇವೇ ಸಾಕಾದವು. ಅದರಿಂದ ಕನ್ನಡ ನಾಟಕಕ್ಕೆ ದೊಡ್ಡ ಲಾಭವೇ ಆಯಿತು. ಪರದೆಯ ವಿದ್ಯೆ ಮಾತ್ರ ಮೂಲೆಗೆ ಸರಿಯಿತು.

ಪೂರ್ತಿ ಸತ್ತಿಲ್ಲ. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಜನ ಕೂಡಿ 'ಕುರುಕ್ಷೇತ್ರ' ನಾಟಕ ಆಡುತ್ತಾರೆ. 'ಡ್ರಾಮಾ ಸೀನರಿ' ಬಾಡಿಗೆಗೆ ಕೊಡುವವರು ಲಾರಿಯಲ್ಲಿ ಪರದೆ ತಂದು ಕಟ್ಟುತ್ತಾರೆ. ಮುಂದಿನ ರಜೆಗೆ ಊರಿಗೆ ಹೋದಾಗ ಅಂಥ ನಾಟಕವಿದ್ದರೆ ತಪ್ಪದೆ ನೋಡಿ. ನಾಟಕ ಶುರುವಾಗುವ ಮೊದಲು ಹತ್ತಿರ ಹೋಗಿ ಪರದೆಯ ಅಂಚನ್ನು ಹುಡುಕಿ. ಕೆಲವೊಮ್ಮೆ ಮೂಲೆಯಲ್ಲಿ ಬರೆದವರ ಹೆಸರೂ ಊರೂ ಸಣ್ಣದಾಗಿ ಇರುತ್ತದೆ. ಇದ್ದರೆ ಬರೆದುಕೊಳ್ಳಿ. ನಿಮ್ಮ ಅಜ್ಜ ಅಜ್ಜಿಯನ್ನೂ ಕೇಳಿ: ಅವರ ಊರಿನ ನಾಟಕಕ್ಕೆ ಪರದೆ ಬರೆಯುತ್ತಿದ್ದವರು ಯಾರು? ಅಂಗಡಿ ಬೋರ್ಡು ಬರೆಯುವವರೇ ಪರದೆಯನ್ನೂ ಬರೆಯುತ್ತಿದ್ದರೇ? ಈ ಉತ್ತರಗಳು ಯಾವ ಪುಸ್ತಕದಲ್ಲೂ ಇಲ್ಲದೆ, ನಿಮ್ಮ ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಇರಬಹುದು. ಫೋನಿನಲ್ಲಿ ಕೇಳಲು ಹತ್ತು ನಿಮಿಷ ಸಾಕು.

ನೀವೇ ಒಂದು ಪರದೆ ಬರೆಯಿರಿ

ಕನ್ನಡ ರಾಜ್ಯೋತ್ಸವದ ನಾಟಕಕ್ಕೆ ಈ ಸಲ ಗೋಡೆಯ ಮೇಲೆ ಚಿತ್ರ ಬಿಂಬಿಸುವ ಬದಲು ಒಂದು ಪರದೆ ಬರೆದರೆ ಹೇಗೆ?

1. ಹಳೆಯ ಬಿಳಿ ಬೆಡ್‌ಶೀಟ್ ಒಂದನ್ನು ನೆಲಕ್ಕೆ ಹಾಸಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಇರಲಿ. ಅಂಚುಗಳನ್ನು ಟೇಪಿನಿಂದ ಬಿಗಿಯಿರಿ.
2. 20 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರದ ಒಂದು ಚಿತ್ರ ಆರಿಸಿ. ಅದರ ಮೇಲೆ 2 ಸೆಂಟಿಮೀಟರಿನ ಮನೆಗಳನ್ನು ಎಳೆಯಿರಿ. ಒಟ್ಟು 100 ಮನೆ.
3. ಬಟ್ಟೆಯ ಮೇಲೆ 20 ಸೆಂಟಿಮೀಟರಿನ 100 ಮನೆ ಎಳೆಯಿರಿ. ಬಣ್ಣದ ಸೀಮೆಸುಣ್ಣ ಉಜ್ಜಿದ ದಾರ ಹೊಡೆದು ನೋಡಿ, ಮಜವಾಗಿರುತ್ತದೆ.
4. ಒಬ್ಬೊಬ್ಬರು ಒಂದಷ್ಟು ಮನೆಗಳನ್ನು ಹಂಚಿಕೊಂಡು ಮೊದಲು ಗೆರೆ, ಆಮೇಲೆ ಬಣ್ಣ ಹಾಕಿ. ಆಗಾಗ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ.
5. ಒಣಗಿದ ಮೇಲೆ ಪರದೆಯ ಮೂಲೆಯಲ್ಲಿ ಬರೆದವರೆಲ್ಲರ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಕಾರ್ಯಕ್ರಮದ ಪಟ್ಟಿಯಲ್ಲೂ ನಟರ ಹೆಸರಿನ ಜೊತೆಗೇ ಹಾಕಿಸಿ.

ಐದನೆಯದನ್ನು ಮರೆಯಬೇಡಿ.

ಪದಗಳ ಪರಿಚಯ

ಅಂಕದ ಪರದೆ: ನಾಟಕದ ಒಂದು ಅಂಕ ಮುಗಿದಾಗ ಇಳಿಯುವ ಮುಂಪರದೆ
ದರ್ಬಾರು: ರಾಜನ ಸಭೆ
ರಂಗಸಜ್ಜಿಕೆ: ನಾಟಕಕ್ಕಾಗಿ ರಂಗವನ್ನು ಸಿದ್ಧಗೊಳಿಸುವ ಪರದೆ, ಕಟ್ಟಡ, ಸಾಮಾನು ಎಲ್ಲವೂ
ಉಗ್ರಾಣ: ಸಾಮಾನು ಕೂಡಿಡುವ ಕೋಣೆ
ಪೇಲವ: ಕಳೆಗುಂದಿದ, ಗಾಢವಲ್ಲದ
ಮೂಕಿ ಚಿತ್ರ: ಮಾತಿಲ್ಲದ ಸಿನಿಮಾ

ಮನೆಯಲ್ಲಿ ಮಾತಾಡಿ

1. 'ನೀಲಿ ರೈಲು' ಪರದೆಯ ಮೇಲೆ ಎರಡು ಸಹಿ ಇರಬೇಕಿತ್ತೇ? ನಿಮ್ಮ ಅಭಿಪ್ರಾಯವೇನು, ಅಪ್ಪ ಅಮ್ಮನ ಅಭಿಪ್ರಾಯವೇನು?
2. ಯಕ್ಷಗಾನಕ್ಕೆ ಬರೆದ ಪರದೆ ಏಕೆ ಬೇಕಾಗಲಿಲ್ಲ?
3. ನೀವು ನೋಡಿದ ಯಾವುದಾದರೂ ನಾಟಕದಲ್ಲಿ ಅಥವಾ ಸಿನಿಮಾದಲ್ಲಿ ತೆರೆಯ ಹಿಂದೆ ದುಡಿದ ಮೂವರ ಹೆಸರು ಹೇಳಬಲ್ಲಿರಾ?